ಸಣ್ಣ ವಿಮಾನಗಳ ಪೈಲಟ್‌ಗಳು: ಒಂದು ಚಿಕ್ಕ ಇತಿಹಾಸ

2025ರ ಜೂನ್‌ನಲ್ಲಿ ಸೊಲ್ಲಾಪುರದಿಂದ ಗೋವಾಕ್ಕೆ ವಿಮಾನ ಶುರುವಾದಾಗಿನಿಂದ ನಮ್ಮ ಹತ್ತನೇ ಇಯತ್ತೆಯ ಮಕ್ಕಳದು ಒಂದೇ ಪ್ರಶ್ನೆ: "ಸರ್, ನಾವೂ ಪೈಲಟ್ ಆಗ್ಲಿಕ್ಕೆ ಬರ್ತದೇನ್ರಿ?" ಉತ್ತರಕ್ಕೆ ಮೊದಲು ಈ ನೌಕರಿಯ ಇತಿಹಾಸವನ್ನು ತುಸು ನೋಡೋಣ.

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ಹಲವು ಖಾಸಗಿ ವಿಮಾನ ಕಂಪನಿಗಳಿದ್ದವು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಅವುಗಳಲ್ಲೊಂದು. ಬೇರೆ ಕಂಪನಿಗಳು ಹೆಣ್ಣೆಂದು ಬೇಡವೆಂದಾಗ ಪ್ರೇಮ್ ಮಾಥುರ್ ಅವರಿಗೆ ಪೈಲಟ್ ಕೆಲಸ ಕೊಟ್ಟದ್ದು ಈ ಕಂಪನಿಯೇ. 1953ರಲ್ಲಿ ಸರಕಾರ ಎಂಟು ಕಂಪನಿಗಳನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ದೇಶದೊಳಗೆ ಪ್ರಯಾಣಿಕ ವಿಮಾನ ಹಾರಿಸುವವರಿಗೆ ಆಮೇಲೆ ಹೆಚ್ಚುಕಡಿಮೆ ಒಂದೇ ಬಾಗಿಲು ಉಳಿಯಿತು.

ಸಣ್ಣ ಊರುಗಳಿಗೆಂದು 1981ರಲ್ಲಿ ವಾಯುದೂತ್ ಬಂತು. 1993ರಲ್ಲಿ ಅದೂ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋಯಿತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಎಟಿಆರ್ ವಿಮಾನಗಳಿಂದ ಹುಬ್ಬಳ್ಳಿಯಂಥ ಊರುಗಳನ್ನು ಮುಟ್ಟಿತು. ಅದು 2008ರಲ್ಲಿ ಕಿಂಗ್‌ಫಿಷರ್ ಜತೆ ಒಂದಾಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಪೈಲಟ್‌ಗಳ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯಿತು. 2017ರಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನ ಶಿಮ್ಲಾ–ದೆಹಲಿ ನಡುವೆ ಹಾರಿದಾಗ ಸಣ್ಣ ವಿಮಾನಗಳಿಗೆ ಮತ್ತೆ ಜೀವ ಬಂತು.

ಹೀಗೆ ಕಂಪನಿಗಳು ಬಂದವು, ಹೋದವು. ಪೈಲಟ್ ಕೈಯಲ್ಲಿ ಉಳಿಯುವುದು ಎರಡೇ: ಲೈಸೆನ್ಸು ಮತ್ತು ಹಾರಿದ ಗಂಟೆಗಳ ಲೆಕ್ಕ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸಿಗೆ 1500 ಗಂಟೆ. ಎಟಿಆರ್‌ನಲ್ಲಿ ಸಹಪೈಲಟ್ ಆದವರು ದಿನಕ್ಕೆ ಹಲವು ಸಲ ಏರಿ ಇಳಿದು ಕೈ ಪಳಗಿಸಿಕೊಳ್ಳುತ್ತಾರೆ. ಮುಂದೆ ಎರಡು ದಾರಿ. ಅಲ್ಲೇ ನಿಂತು ಕ್ಯಾಪ್ಟನ್ ಆಗುವುದು ಒಂದು. ಏರ್‌ಬಸ್ಸು, ಬೋಯಿಂಗಿನಂಥ ದೊಡ್ಡ ವಿಮಾನಕ್ಕೆ ಹೊಸ ತರಬೇತಿ ಪಡೆದು, ಬಹುತೇಕ ಮತ್ತೆ ಸಹಪೈಲಟ್ ಆಗಿಯೇ ಶುರುಮಾಡುವುದು ಇನ್ನೊಂದು.

ಪಾಲಕರಿಗೆ ನಮ್ಮ ಮಾತು ಇಷ್ಟೇ. ತರಬೇತಿಗೆ ಹತ್ತಾರು ಲಕ್ಷ ರೂಪಾಯಿ ಬೇಕು. ಹೊಲ ಅಡವಿಡುವ ಮೊದಲು ಮಗುವಿನ ವೈದ್ಯಕೀಯ ತಪಾಸಣೆ ಮಾಡಿಸಿರಿ. ಲೈಸೆನ್ಸು ಸಿಕ್ಕ ಕೂಡಲೇ ನೌಕರಿ ಸಿಕ್ಕೀತೆಂದು ಸಾಲದ ಲೆಕ್ಕ ಹಾಕಬೇಡಿರಿ. ಮಕ್ಕಳೇ, ವಿಮಾನದ ರೇಡಿಯೋ ಮಾತು ಇಂಗ್ಲಿಷಿನಲ್ಲಿ ನಡೆಯುತ್ತದೆ, ಅದನ್ನು ಕಲಿಯಲೇಬೇಕು. ಆದರೆ ಗಣಿತ, ಭೌತಶಾಸ್ತ್ರಗಳನ್ನು ನಾವು ಕನ್ನಡದಲ್ಲಿ ಕಲಿಸಿದ್ದು ಅಲ್ಲಿಯೂ ಕೆಲಸಕ್ಕೆ ಬರುತ್ತದೆ.