ಮೆಟ್ಟಿಲ ಮೇಲಿನ ಬಕೆಟಿಗೂ ಒಂದು ಚರಿತ್ರೆ ಅದೆ

ಹೋದ ಸಲ ಬೆಂಗಳೂರಿಗೆ ಮಗಳ ಮನೆಗೆ ಹೋದಾಗ, ಒಂದು ಬೆಳಿಗ್ಗೆ ಮೆಟ್ಟಿಲ ಬದಿಯಿಂದ ಕೆಮ್ಮು ಕೇಳ್ತು. ಬಾಗಿಲು ತೆಗೆದ್ರೆ ಕಣ್ಣು ಉರಿಯುವಂಥ ಘಾಟು. ಮೆಟ್ಟಿಲು ತೊಳೆಯೂಕೆ ಬರುವ ಹೆಂಗಸು ಗೋಡೆಗೆ ಒರಗಿ ಕೂತಿದ್ಲು. ಬಕೆಟಿನಲ್ಲಿ ಬ್ಲೀಚಿಂಗ್ ಪುಡಿ, ಅದರ ಮೇಲೆ ಕಕ್ಕಸು ತೊಳೆಯುವ ಆಸಿಡ್. “ಕಲೆ ಬೇಗ ಹೋಗ್ತದೆ ಅಂತ ಎರಡೂ ಹಾಕ್ದೆ ಅಮ್ಮಾ” ಅಂದ್ಲು. ಅವಳನ್ನ ಕೈ ಹಿಡಿದು ಕೆಳಗೆ ಗಾಳಿಗೆ ಕರ್ಕಂಡು ಹೋದೆ. ಆಮೇಲೆ ಡಾಕ್ಟ್ರಿಗೂ ತೋರಿಸಿದ್ದಾಯ್ತು, ಪುಣ್ಯಕ್ಕೆ ಹೆಚ್ಚೇನೂ ಆಗಿರಲಿಲ್ಲ. “ಇದೆರಡನ್ನ ಕಲೆಸೂಕಾಗ ಅಂತ ಅವಳಿಗೆ ಹೇಳಿಕೊಡಬೇಕಾದವ್ರು ಯಾರು?” ಅಂತ ಮಗಳ ಹತ್ರ ಕೇಳ್ದೆ. ಮಗಳಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನ ತಲೆಯಲ್ಲೇ ಉಳೀತು. ಅದನ್ನೇ ಹಿಡ್ಕಂಡು ಒಂದಿಷ್ಟು ಓದಿದೆ. ಓದಿದ್ದನ್ನ ನಿಮಗೂ ಹೇಳ್ತೆ.

ನಮ್ಮ ಮಾವಿನಕುರ್ವೆ ಬದಿಯ ಮನೆಗಳಲ್ಲಿ ಈ ಪ್ರಶ್ನೆ ಏಳ್ತಿರಲಿಲ್ಲ. ಅಂಗಳಕ್ಕೆ ಸಗಣಿ ಸಾರ್ಸುವವರು ನಾವೇ, ತೆಂಗಿನ ಕಡ್ಡಿಯ ಹಿಡಿ ಹಿಡಿದು ಗುಡಿಸುವವರೂ ನಾವೇ. ಪಾತ್ರೆಗೆ ಒಲೆಯ ಬೂದಿ. ಕೈಯಲ್ಲಿ ಇರೂದು ಎಂತದು ಅಂತ ಕೈಗೇ ಗೊತ್ತಿತ್ತು. ಬ್ಲೀಚಿಂಗ್ ಪುಡಿ ಅಂದ್ರೆ ಬಾವಿಗೆ ಹಾಕುವ ಔಷಧ, ಅಷ್ಟೇ.

ಆ ಪುಡಿಯ ಕಥೆ ದೊಡ್ಡದು. ಯುರೋಪಿನಲ್ಲಿ ಮೊದಲು ಬಟ್ಟೆ ಬೆಳ್ಳಗೆ ಮಾಡೂಕೆ ಗದ್ದೆಬಯಲಲ್ಲಿ ವಾರಗಟ್ಟಲೆ ಬಿಸಿಲಿಗೆ ಹಾಸ್ತಿದ್ರಂತೆ, ಹುಳಿ ಮಜ್ಜಿಗೆಯಲ್ಲಿ ನೆನೆಸ್ತಿದ್ರಂತೆ. 1774ರಲ್ಲಿ ಸ್ವೀಡನ್ನಿನ ಷೀಲೆ ಎನ್ನುವವರು ಕ್ಲೋರಿನ್ ಅನಿಲವನ್ನು ತಯಾರಿಸಿದರು. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನಂಟ್ ಆ ಅನಿಲವನ್ನು ಸುಣ್ಣಕ್ಕೆ ಹಿಡಿಸಿ ಪುಡಿ ಮಾಡಿ ಪೇಟೆಂಟ್ ಪಡೆದರು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎನ್ನುವ ಡಾಕ್ಟರು ಇಂಥದೇ ಕ್ಲೋರಿನ್ ಸುಣ್ಣದ ನೀರಲ್ಲಿ ಎಲ್ಲ ವೈದ್ಯರೂ ಕೈ ತೊಳೀಬೇಕು ಅಂತ ಕಟ್ಟುಮಾಡಿದರು. ಬಾಣಂತಿಯರ ಸಾವು ತಟ್ಟನೆ ಇಳೀತು. ಎಷ್ಟು ತಾಯಂದಿರು ಉಳಿದರೋ ನೋಡಿ.

ಅದೇ ಕ್ಲೋರಿನ್ ಅನಿಲವನ್ನ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟಿತು. ಮೊದಲನೇ ಮಹಾಯುದ್ಧದ ಕಾಲ. ಕಂದಕದಲ್ಲಿದ್ದ ಸೈನಿಕರು ಉಸಿರು ಕಟ್ಟಿ ಸತ್ತರು. ಆ ಅನಿಲ ಗಾಳಿಗಿಂತ ಭಾರ, ತಗ್ಗಿಗೆ ಇಳೀತದೆ. ಬ್ಲೀಚಿಂಗ್ ಪುಡಿಗೆ ಆಸಿಡ್ ಹೊಯ್ದರೆ ಏಳೂದೂ ಇದೇ ಅನಿಲ. ಬಗ್ಗಿ ಕೂತು ಮೆಟ್ಟಿಲು ತಿಕ್ಕುವವಳ ಮೂಗಿಗೇ ಅದು ಮೊದಲು ಬಡೀತದೆ, ಮೇಲೆ ನಿಂತು “ಆಯ್ತಾ?” ಅಂತ ಕೇಳುವವರಿಗಲ್ಲ.

ಮೆಟ್ಟಿಲಿನ ಕೆಳಗೆ ಇನ್ನೂ ಒಂದು ಜಾಗ ಅದೆ. ಎಲ್ಲ ಮನೆಯ ಕಕ್ಕಸಿನ ನೀರು ಸೇರುವ ಗುಂಡಿ. ಅದರ ಚರಿತ್ರೆ ಓದೂಕೆ ಕಷ್ಟ, ಆದ್ರೂ ಓದಬೇಕು. ಪೇಟೆಗಳಲ್ಲಿ ಮನುಷ್ಯರು ಮಲವನ್ನು ತಲೆ ಮೇಲೆ ಹೊತ್ತು ಸಾಗಿಸುವ ಕಾಲ ಇತ್ತು, ಅದೂ ಜಾತಿ ನೋಡಿ ಹೊರಿಸಿದ ಕೆಲಸ. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ಅದನ್ನು ನಿಷೇಧಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ಆದರೂ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಜನ ತಮ್ಮ ಕಷ್ಟ ಯಾರೂ ಕೇಳೂದಿಲ್ಲ ಅಂತ ಪುರಸಭೆಯ ಎದುರು ಮೈಗೆ ಮಲ ಸುರ್ಕಂಡು ಪ್ರತಿಭಟನೆ ಮಾಡಿದ್ರು. 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ರಕ್ಷಣೆಯಿಲ್ಲದೆ ಚರಂಡಿಗೋ ಶೌಚಗುಂಡಿಗೋ ಜನರನ್ನು ಇಳಿಸಿದ್ರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಹಾಗೆ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಇಷ್ಟೆಲ್ಲ ಕಾನೂನು ಇದ್ದೂ, 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಒಂದು ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಸ್ವಚ್ಛ ಮಾಡೂಕೆ ಹೋದ ಮೂರು ಜನ ಸತ್ತು ಹೋದ್ರು. ಮೇಲೆ ಜನ ಎಂದಿನಂತೆ ಅಡುಗೆ ಮಾಡಿಕಂಡು ಇರುವ ಕಟ್ಟಡ ಅದು. ಗುಂಡಿಯೊಳಗೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ತುಂಬಿರ್ತದೆ. ಅದು ಹೆಚ್ಚಾದ್ರೆ ಮೂಗಿಗೆ ವಾಸನೆಯೇ ತಿಳಿಯೂದಿಲ್ಲ. “ವಾಸನೆ ಹೋಯ್ತು, ಇನ್ನು ಇಳೀಬಹುದು” ಅಂದ್ಕಂಡವ ಅಲ್ಲೇ ಬೀಳ್ತ. ಅವನನ್ನ ಎತ್ತೂಕೆ ಅಂತ ಇನ್ನೊಬ್ಬ ಇಳೀತ, ಅವನೂ ಬೀಳ್ತ.

ತಲೆ ಮೇಲಿನ ಹೊರೆ ಇಳೀತು ಅಂತ ನಾವು ಅಂದ್ಕಂಡಿದ್ದೇವೆ. ಅದು ಎಲ್ಲರ ಮೆಟ್ಟಿಲ ಕೆಳಗೆ ಹೋಗಿ ಕೂತದೆ, ಅಷ್ಟೇ. ಅಂಗಳ ನಮ್ಮದಾಗಿದ್ದಾಗ ಕಾಳಜಿಯೂ ನಮ್ಮದಾಗಿತ್ತು. ಮೆಟ್ಟಿಲು ಎಲ್ಲರದು ಆದ ಕೂಡ್ಲೆ ಅದು ಯಾರದೂ ಅಲ್ಲದ ಹಾಗೆ ಆಯ್ತು. ಈಗ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಪೇಟೆಯಲ್ಲೂ ಫ್ಲ್ಯಾಟುಗಳು ಎದ್ದವೆ. ಅದಕ್ಕೇ ನಿಮಗೆಲ್ಲ ಹೇಳೂದು: ಆಸಿಡ್, ಬ್ಲೀಚಿಂಗ್ ಎರಡನ್ನೂ ಒಂದು ಕಡೆ ಇಡಬೇಡಿ. ತೊಳೆಯುವ ಮೊದಲು ಮೆಟ್ಟಿಲ ಕಿಟಕಿ ತೆಗೀರಿ. ರಬ್ಬರ್ ಗವಸು, ಜಾರದ ಚಪ್ಪಲಿಗೆ ಎಲ್ಲ ಮನೆಯವರೂ ಸೇರಿ ದುಡ್ಡು ಹಾಕಿ. ನೆಲ ಒದ್ದೆ ಇದ್ದಾಗ ಅಜ್ಜಿ, ಮಕ್ಕಳನ್ನ ತಡೀರಿ. ಗುಂಡಿ ತುಂಬಿದ್ರೆ ಯಂತ್ರದ ಗಾಡಿ ಕರೆಸಿ, ಎಷ್ಟೇ ಕಮ್ಮಿಗೆ ಬರ್ತೆ ಅಂದ್ರೂ ಮನುಷ್ಯರನ್ನ ಇಳಿಸೂಕಾಗ. ಯಾರಾದ್ರೂ ಬಿದ್ರೆ ಹಿಂದೆ ನೀವು ಇಳೀಬೇಡಿ, 101 ಇಲ್ಲಾ 112ಕ್ಕೆ ಫೋನ್ ಮಾಡಿ.

ಮಗಳು ಮುಂದಿನ ಮೀಟಿಂಗಿನಲ್ಲಿ ಈ ಮಾತು ಎತ್ತಿದ್ಲಂತೆ. ಈಗ ಅವಳ ಮೆಟ್ಟಿಲಿಗೆ ಆಸಿಡ್ ಬರೂದಿಲ್ಲ, ಸೋಪಿನ ನೀರೇ ಸಾಕಂತೆ. ಕಲೆ ಸ್ವಲ್ಪ ಉಳೀತದೆ. ಉಳೀಲಿ.