ಬಾಡಿಗೆ ಪೆಟ್ಟಿಗೆ, ಸ್ವಂತ ಪೆಟ್ಟಿಗೆ

1956ರಲ್ಲಿ ಐಬಿಎಂ ಹೊರತಂದ ರ‍್ಯಾಮ್ಯಾಕ್ ಯಂತ್ರದ ಡಿಸ್ಕ್ ಪೆಟ್ಟಿಗೆ ಸುಮಾರು ಒಂದು ಟನ್ ತೂಗುತ್ತಿತ್ತು. ಒಳಗೆ ಎರಡಡಿ ಅಗಲದ 50 ತಟ್ಟೆಗಳು, ಒಂದರ ಮೇಲೊಂದು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪ್ರಯೋಗಾಲಯದಲ್ಲಿ ಆ ತಟ್ಟೆಗಳಿಗೆ ಲೇಪ ಕೊಡುತ್ತಿದ್ದ ಬಗೆ ಕೇಳಿದರೆ ಅಡುಗೆಮನೆ ನೆನಪಾಗುತ್ತದೆ. ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣವನ್ನು ಹೆಂಗಸರ ತೆಳು ಕಾಲುಚೀಲದಲ್ಲಿ ಸೋಸಿ, ಕಾಗದದ ಲೋಟದಿಂದ ತಿರುಗುವ ತಟ್ಟೆಯ ನಡುವಿಗೆ ಸುರಿಯುತ್ತಿದ್ದರು. ಅದು ದೋಸೆಹಿಟ್ಟಿನಂತೆ ಅಂಚಿನವರೆಗೆ ಹರಡಿಕೊಳ್ಳುತ್ತಿತ್ತು. ಇಷ್ಟೆಲ್ಲ ಪಡಿಪಾಟಲು 50 ಲಕ್ಷ ಅಕ್ಷರಗಳನ್ನು ಇಡಲು. ಇವತ್ತಿನ ಮೊಬೈಲಿನ ಒಂದು ಫೋಟೊ ಹಿಡಿಸಿದರೆ ಹೆಚ್ಚು. ಯಂತ್ರದ ಬಾಡಿಗೆ ತಿಂಗಳಿಗೆ 3,200 ಡಾಲರ್.

1980ರಲ್ಲಿ ಸೀಗೇಟ್ ಕಂಪನಿಯ 5 ಎಂಬಿ ಡಿಸ್ಕ್ ಬಂತು. ಬೆಲೆ 1,500 ಡಾಲರ್, ಅಂದರೆ ರ‍್ಯಾಮ್ಯಾಕ್‌ನ ಅರ್ಧ ತಿಂಗಳ ಬಾಡಿಗೆಗಿಂತ ಕಡಿಮೆ. ಸಣ್ಣ ಕಂಪ್ಯೂಟರ್ ಇದ್ದವರೂ ಡಿಸ್ಕನ್ನು ಸ್ವಂತವಾಗಿ ಇಟ್ಟುಕೊಳ್ಳುವ ಕಾಲ ಶುರುವಾಯಿತು.

ಸ್ವಂತದ್ದಾದ ಮೇಲೆ ಕೆಟ್ಟುಹೋಗುವ ಭಯವೂ ಸ್ವಂತದ್ದೇ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಇದಕ್ಕೊಂದು ದಾರಿ ಬರೆದರು: ಒಂದು ದುಬಾರಿ ಡಿಸ್ಕ್ ಬೇಡ, ಅಗ್ಗದ ಹಲವನ್ನು ಒಟ್ಟು ಕಟ್ಟಿ, ಒಂದು ಸತ್ತರೆ ಉಳಿದವು ಕಾಯಲಿ. ಅದೇ ‘ರೇಡ್’. ಅದರ ಹೆಸರಿನಲ್ಲೇ ‘ಅಗ್ಗ’ ಎಂಬ ಪದವಿತ್ತು. ಇಂದು ರೌಟರ್ ಪಕ್ಕ ಕೂತು ಮನೆಯ ಎಲ್ಲ ಫೋನು, ಲ್ಯಾಪ್‌ಟಾಪ್‌ಗಳಿಗೆ ಒಂದೇ ಕಪಾಟಾಗುವ ನ್ಯಾಸ್ ಪೆಟ್ಟಿಗೆಗಳು ನಿಂತಿರುವುದು ಈ ಯೋಚನೆಯ ಮೇಲೆ. 2004ರ ಲಿಂಕ್‌ಸಿಸ್ ಪೆಟ್ಟಿಗೆಯೊಂದರಲ್ಲಿ ಡಿಸ್ಕೇ ಇರಲಿಲ್ಲ. ನಮ್ಮ ಯುಎಸ್‌ಬಿ ಡಿಸ್ಕ್ ನಾವೇ ಚುಚ್ಚಬೇಕಿತ್ತು. ಒಳಗಿದ್ದ ಲಿನಕ್ಸನ್ನು ತಿದ್ದಿ ಹವ್ಯಾಸಿಗಳು ಅದರಿಂದ ಏನೇನೋ ಕೆಲಸ ಮಾಡಿಸಿಕೊಂಡರು. 2007ರಲ್ಲಿ ಹಿಟಾಚಿಯ ಒಂದು ಟಿಬಿ ಡಿಸ್ಕ್ 399 ಡಾಲರ್‌ಗೆ ಬಂತು.

ಬೆಲೆ ಇಳಿಯುತ್ತಲೇ ಇರುತ್ತದೆ ಎಂಬ ನಂಬಿಕೆಗೆ 2011ರಲ್ಲಿ ಪೆಟ್ಟು ಬಿತ್ತು. ಥಾಯ್ಲೆಂಡಿನ ಪ್ರವಾಹದಲ್ಲಿ ಡಿಸ್ಕ್ ಕಾರ್ಖಾನೆಗಳು ಮುಳುಗಿ, ಅಂಗಡಿಗಳಲ್ಲಿ ಬೆಲೆ ದುಪ್ಪಟ್ಟಾದದ್ದೂ ಉಂಟು.

ಅಷ್ಟರಲ್ಲಿ ಬಾಡಿಗೆ ಮತ್ತೆ ಬಂದಿತ್ತು, ಈ ಸಲ ಕ್ಲೌಡ್ ಹೆಸರಿನಲ್ಲಿ. 2015ರಿಂದ ಮಿತಿಯಿಲ್ಲದೆ ಪುಕ್ಕಟೆಯಾಗಿ ಫೋಟೊ ಇಟ್ಟುಕೊಂಡ ಗೂಗಲ್, 2021ರ ಜೂನ್ 1ರಿಂದ ಹೊಸ ಫೋಟೊಗಳನ್ನು ಲೆಕ್ಕಕ್ಕೆ ಹಿಡಿಯಿತು. ಹಲವು ಮನೆಗಳಲ್ಲಿ ಸ್ವಂತ ಪೆಟ್ಟಿಗೆಯ ಮಾತು ಎದ್ದದ್ದು ಆಗಲೇ.

ಆದರೆ ಸ್ವಂತದ್ದೂ ಪುಕ್ಕಟೆಯಲ್ಲ. ಹಗಲೂ ರಾತ್ರಿ ಉರಿಯುವ ಪೆಟ್ಟಿಗೆ 25 ವ್ಯಾಟ್ ಎಳೆದರೆ ವರ್ಷಕ್ಕೆ 219 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 1,533 ರೂಪಾಯಿ. ಕರೆಂಟು ಹೋಗಿಬರುವ ಊರಾದರೆ ಯುಪಿಎಸ್ ಬೇರೆ. ನೂರಿನ್ನೂರು ಜಿಬಿ ಇರುವವರಿಗೆ ಬಾಡಿಗೆಯೇ ಲಾಭ. ಟಿಬಿಗಟ್ಟಲೆ ವಿಡಿಯೊ ಕೂಡಿಟ್ಟವರಿಗೆ ಮಾತ್ರ ಸ್ವಂತದ್ದು ಗಿಟ್ಟುತ್ತದೆ.

ರೇಡ್ ಕಾಯುವುದು ಡಿಸ್ಕ್ ಕೆಟ್ಟಾಗ ಮಾತ್ರ. ಮಗು ಫೋಲ್ಡರ್ ಅಳಿಸಿದರೆ ಎಲ್ಲ ಡಿಸ್ಕುಗಳಿಂದ ಒಟ್ಟಿಗೇ ಅಳಿಯುತ್ತದೆ. ಹಾಗಾಗಿ ಪೆಟ್ಟಿಗೆ ಕೊಳ್ಳುವವರು ಇನ್ನೊಂದು ಡಿಸ್ಕಿನ ದುಡ್ಡನ್ನೂ ಈಗಲೇ ತೆಗೆದಿಡಲಿ. ಅದರಲ್ಲಿ ಎಲ್ಲದರ ನಕಲು ತುಂಬಿ, ಬೇರೆ ಊರಿನ ಅಕ್ಕನ ಮನೆಯ ಬೀರುವಿನಲ್ಲಿಟ್ಟು, ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ಸೇರಿಸಿ ಬರಲಿ.