ಆಕಾಶದಿಂದ ಇಳಿದ ಆದಿಶಿಲೆಗಳು

ಕೊಂಡಾಪುರದ ಸುತ್ತಲಿನ ಹೆಬ್ಬಂಡೆಗಳನ್ನು ನೋಡುವಾಗ, ಇಲ್ಲಿ ಬಂದು ನೆಲಸಿದ ಕನ್ನಡಿಗರಾದ ನಾವು, ಇವಕ್ಕಿಂತ ಹಳೆಯದು ಇನ್ನೇನಿದ್ದೀತು ಎಂದುಕೊಳ್ಳುವುದುಂಟು. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಆದರೆ ಸುಮಾರು 456 ಕೋಟಿ ವರ್ಷದ ಕಲ್ಲುಗಳೂ ನಮ್ಮ ನಾಡಿಗೆ ಬಂದಿವೆ. ಅವೇ ಉಲ್ಕಾಶಿಲೆಗಳು.

1848ನೆಯ ಇಸವಿಯ ಫೆಬ್ರುವರಿ 15ರಂದು ಅಂದಿನ ಧಾರವಾಡ ಜಿಲ್ಲೆಯ ನೆಗಳೂರಿನಲ್ಲಿ ಇಂಥದೊಂದು ಕಲ್ಲು ಬಿದ್ದಿತು. ತೂಕ ಎರಡು ಕಿಲೋಗ್ರಾಮಿಗೆ ಕೊಂಚ ಕಡಮೆ. 1866ರ ಏಪ್ರಿಲಿನಲ್ಲಿ ಉಡುಪಿಯ ಕಡೆ ಮತ್ತೊಂದು ಬಿದ್ದಿತು. ಬಿದ್ದ ಸ್ಥಳದ ಹೆಸರನ್ನು ಕಲ್ಲಿಗಿಡುವುದು ಶಾಸ್ತ್ರಜ್ಞರ ವಾಡಿಕೆ. ಹೀಗಾಗಿ ಜಗತ್ತಿನ ಪಟ್ಟಿಯಲ್ಲಿ ಧಾರವಾಡ, ಉಡುಪಿಗಳೂ ಸೇರಿವೆ.

ಉಡುಪಿಯ ಶಿಲೆಯು ತಾನಿದ್ದ ಕ್ಷುದ್ರಗ್ರಹದ ಒಡಲಲ್ಲೇ ಬಿಸಿಗೆ ಬೆಂದದ್ದು. ಬೇಯದೆ ಉಳಿದ ಆದಿಶಿಲೆಗಳು ಅತಿ ವಿರಳ. 1940ರ ಅಕ್ಟೋಬರ್ 26ರಂದು ಇಂದಿನ ಮಧ್ಯಪ್ರದೇಶದ ಸೆಮರ್ಕೋನದಲ್ಲಿ ಬಿದ್ದ ಎರಡು ಕಲ್ಲುಗಳು ಅಂಥವು. ಒಟ್ಟು ತೂಕ 691 ಗ್ರಾಂ ಅಷ್ಟೇ. ಆದರೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಅದಕ್ಕೆ ದೊಡ್ಡ ಮನ್ನಣೆ. ಅದರೊಳಗಿನ ರಾಗಿಕಾಳಿನಂಥ ಗುಂಡುಗಳು, ಸೂರ್ಯನ ಸುತ್ತ ಗ್ರಹಗಳು ಮೂಡುವ ಮುನ್ನ ಕರಗಿ ಆರಿದ ಹನಿಗಳು. ಭೂಮಿಯ ಕಲ್ಲುಗಳು ಮತ್ತೆ ಮತ್ತೆ ಕರಗಿ ತಮ್ಮ ಬಾಲ್ಯವನ್ನು ಮರೆತಿವೆ, ಇವು ಮರೆತಿಲ್ಲ.

ಇಂಗಾಲಯುಕ್ತ ಶಿಲೆಗಳದು ಇನ್ನೊಂದು ಬಗೆಯ ಮಹತ್ತ್ವ. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್‌ನಲ್ಲಿ ಬಿದ್ದ ಶಿಲೆಯಲ್ಲಿ ಅಮೈನೋ ಆಮ್ಲಗಳೂ, ಸೂರ್ಯನಿಗಿಂತ ಹಳೆಯ ಧೂಳಿನ ಕಣಗಳೂ ದೊರೆತವು. 2017ರ ಜೂನ್ 6ರಂದು ಜಯಪುರದ ಬಳಿ ಮುಕುಂದಪುರದಲ್ಲಿ ಬಿದ್ದದ್ದೂ ಇದೇ ಜಾತಿಯದು. ನೆಲಕ್ಕೆ ಬಡಿದು ಚೂರಾದರೂ ಸುಮಾರು ಎರಡು ಕಿಲೋಗ್ರಾಂ ಕೈಗೆ ಸಿಕ್ಕಿತು. ಒಂದೆರಡು ಮಳೆ ಬಿದ್ದಿದ್ದರೆ ಇಂಥ ಮೃದುಶಿಲೆ ಕೆಡುತ್ತಿತ್ತು.

ಆದ್ದರಿಂದ ಸಂಗ್ರಹದಲ್ಲಿ ಮೊದಲ ಕೈ ಶಾಸ್ತ್ರಜ್ಞನದಲ್ಲ, ಹೊಲದಲ್ಲಿ ಕಂಡವನದು. ನಮ್ಮ ಊರುಗಳ ಬಂಧುಗಳಿಗೆ ನಾವು ಹೇಳಬೇಕಾದದ್ದಿಷ್ಟು: ಅಂಥ ಕಲ್ಲು ಕಂಡರೆ ತೊಳೆಯಬೇಡಿ, ಒಡೆಯಬೇಡಿ, ಅಯಸ್ಕಾಂತ ಮುಟ್ಟಿಸಬೇಡಿ. ಮುಟ್ಟಿಸಿದರೆ ಅದರೊಳಗಿನ ಪುರಾತನ ಕಾಂತಗುಣದ ಗುರುತು ಅಳಿಯುತ್ತದೆ. ಶುಚಿಯಾದ ಚೀಲದಲ್ಲಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಿ.

ತವರನ್ನು ಬಿಟ್ಟು ಬಂದ ನಮಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಎಷ್ಟು ದೂರ ಬಂದರೂ ಹುಟ್ಟಿದ ನೆಲೆಯ ಗುರುತನ್ನು ಕಾಪಾಡಿಕೊಂಡ ಕಲ್ಲಿಗೇ ಹೆಚ್ಚಿನ ಬೆಲೆ.